ಎರಡು ಪಾಯಿಂಟ್ ಮೂರು ಅಟ್ಟೆ

ಉಡುಪಿ ಜಿಲ್ಲೆಯ ಶಂಕರಪುರದ ದೊಡ್ಡಮ್ಮ ಮಲ್ಲಿಗೆ ಬೆಳೆಯುತ್ತಾರೆ. ದಿನಾ ಹೂ ಕೊಳ್ಳುವ ಕಟ್ಟೆಗೆ ಕೊಟ್ಟ ಹೂವಿನ ಲೆಕ್ಕ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಲ್ಲಿರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹಿಡಿದ ಹೊಸತು, ಅವರಿಗೊಂದು ಪ್ರೋಗ್ರಾಂ ಬರೆದೆ: ಎಷ್ಟು ಅಟ್ಟೆ (ಮಲ್ಲಿಗೆಯ ಅಳತೆ), ಇವತ್ತಿನ ರೇಟೆಷ್ಟು, ಗುಣಿಸಿ ತೋರಿಸು.

ದೊಡ್ಡಮ್ಮ ಮೊದಲಿಗೇ ‘2 ಅಟ್ಟೆ’ ಎಂದು ಟೈಪ್ ಮಾಡಿದರು. ಸಂಖ್ಯೆಯಲ್ಲದ್ದು ಬಂತೆಂದು ವ್ಯಾಲ್ಯೂಎರರ್, ಪ್ರೋಗ್ರಾಂ ಬಿದ್ದುಹೋಯಿತು. ಇನ್‌ಪುಟ್ಟನ್ನು ವೈಲ್ ಲೂಪಿನೊಳಗೆ ಹಾಕಿ, ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ಕಟ್ಟಿ, ತಪ್ಪಿದರೆ ಪುನಃ ಕೇಳುವಂತೆ ಮಾಡಿದೆ. ಎಕ್ಸೆಪ್ಟಿನ ಮುಂದೆ ಯಾವ ಎರರ್ ಎಂದು ಬರೆಯದೆ ಬಿಟ್ಟಿದ್ದೆ, ಅದು ಎಲ್ಲವನ್ನೂ ಹಿಡಿಯುತ್ತಿತ್ತು. ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೂ ‘ಸಂಖ್ಯೆ ಹಾಕಿ’ ಎಂದೇ ಹಠ! ವಿಂಡೋ ಮುಚ್ಚಿ ಹೊರಬಂದೆ. ವ್ಯಾಲ್ಯೂಎರರ್ ಎಂದು ಹೆಸರು ಹೇಳಿದ ಮೇಲೆ ಸರಿಹೋಯಿತು.

ಇನ್ನೇನೂ ಉಳಿದಿಲ್ಲ ಎಂದುಕೊಂಡೆ. ವಾರ ಕಳೆದು ದೊಡ್ಡಮ್ಮನ ಫೋನ್: “ಎಂತ ಮಾರಾಯ ಇದು, ಕಟ್ಟೆಯವರು ಕೊಟ್ಟದ್ದಕ್ಕಿಂತ ಕಡಿಮೆ ತೋರಿಸ್ತದೆ?”

ಅವರು ಹಾಕಿದ್ದು 2.3. ಕ್ಯಾಲೆಂಡರಿನಲ್ಲೂ ಹಾಗೆಯೇ ಬರೆಯುತ್ತಾರೆ, ಎರಡು ಅಟ್ಟೆ ಮೂರು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ ಅದು 2.75. ಅಟ್ಟೆಗೆ 800 ರೂಪಾಯಿ ಇದ್ದ ದಿನ 2200 ಬರಬೇಕಾದಲ್ಲಿ 1840 ಬಂದಿತ್ತು. ದಶಮಾಂಶ ಸಂಖ್ಯೆ ಓದುವ ಫ್ಲೋಟ್‌ಗೆ 2.3 ಒಳ್ಳೆಯ ಸಂಖ್ಯೆಯೇ, ಅದೇಕೆ ತಕರಾರು ಮಾಡೀತು? ಪ್ರೋಗ್ರಾಂ ಬಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಪ್ರಶ್ನೆಯನ್ನೇ ಒಡೆದೆ. ಅಟ್ಟೆ ಎಷ್ಟು, ಚೆಂಡು ಎಷ್ಟು, ಎರಡಕ್ಕೂ ಪೂರ್ಣಾಂಕ ಮಾತ್ರ ಓದುವ ಇಂಟ್. ಈಗ 2.3 ಹಾಕಿದರೆ ಅಲ್ಲೇ ತಡೆಯುತ್ತದೆ. ಅಟ್ಟೆ ಸೊನ್ನೆಗಿಂತ ಕಡಿಮೆ ಇರಬಾರದು, ಚೆಂಡು 0ಯಿಂದ 3. ಚೆಂಡು ಇಲ್ಲದ ದಿನ ದೊಡ್ಡಮ್ಮ ಬರೀ ಎಂಟರ್ ಒತ್ತುತ್ತಾರೆ, ಅದನ್ನು ಸೊನ್ನೆ ಎಂದೇ ತೆಗೆದುಕೊಂಡೆ. ರೇಟಿಗೆ ಆ ಸಲಿಗೆ ಕೊಡಲಿಲ್ಲ. ಕುತೂಹಲಕ್ಕೆ ಕನ್ನಡದ ೩ ಹಾಕಿ ನೋಡಿದರೆ, ಇಂಟ್ ಮಾತಿಲ್ಲದೆ 3 ಮಾಡಿಕೊಂಡಿತು!

ಮೊನ್ನೆ ದೊಡ್ಡಮ್ಮ ಚೆಂಡಿನ ಜಾಗದಲ್ಲಿ 5 ಒತ್ತಿದರು. ‘ಚೆಂಡು 3ಕ್ಕಿಂತ ಹೆಚ್ಚಿರಬಾರದು’ ಎಂದಿತು.

“ಐದು ಚೆಂಡು ಅಂದ್ರೆ ಒಂದು ಅಟ್ಟೆ ಒಂದು ಚೆಂಡು. ನಿನ್ನ ಕಂಪ್ಯೂಟರಿಗೆ ಅಷ್ಟೂ ಗೊತ್ತಿಲ್ವಾ?”

ಗೊತ್ತುಮಾಡಿಸಬಹುದು, ಎರಡು ಸಾಲಿನ ಕೆಲಸ. ಆದರೆ ನಂಬರ್ ಪ್ಯಾಡಿನಲ್ಲಿ 2 ಒತ್ತಲು ಹೋಗಿ ಅದರ ಮೇಲಿನ 5ಕ್ಕೆ ಬೆರಳು ತಾಗಿದ್ದರೆ? ಸದ್ಯಕ್ಕೆ ಕೇಳಲಿ ಎಂದು ಹಾಗೇ ಬಿಟ್ಟಿದ್ದೇನೆ. ದೊಡ್ಡಮ್ಮ ಒಪ್ಪಿಲ್ಲ.