ಬೀಟಲ್ ಎಂಜಿನ್ ಕೇಸ್: ಬಿರುಕು, ಸವೆದ ಬೋರ್, ಕಿತ್ತುಬಂದ ಥ್ರೆಡ್

ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಕೇಸ್, ಅಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಕೂರುವ ಕವಚ, ಮೆಗ್ನೀಸಿಯಂ ಮಿಶ್ರಲೋಹದ್ದು, ಎರಡು ಹೋಳಿನದ್ದು. ನನ್ನದನ್ನು ಉಳಿಸಿಕೊಳ್ಳಬಹುದೋ, ಗುಜರಿಗೆ ಹಾಕಬೇಕೋ ಎಂಬುದು ಜಿಡ್ಡು ಹೋಗುವವರೆಗೆ ಗೊತ್ತಾಗುವಂತಿರಲಿಲ್ಲ. ಆಸಿಡ್ ಈ ಲೋಹವನ್ನು ತಿಂದುಹಾಕುತ್ತದೆ. ಹಾಗಾಗಿ ಸೀಮೆಎಣ್ಣೆ, ಬ್ರಶ್ಶಿನಲ್ಲೇ ತೊಳೆದೆ. ಆಯಿಲ್ ಗ್ಯಾಲರಿಯ (ಕೇಸಿನೊಳಗೆ ಎಣ್ಣೆ ಹರಿಯುವ ದಾರಿಗಳ) ಪ್ಲಗ್‌ಗಳನ್ನೂ ತೆಗೆಸಿದೆ. ಹಳೇ ಬೇರಿಂಗಿನ ಚೂರುಗಳು ಅಡಗಿ ಕೂರುವುದು ಅಲ್ಲೇ.

ಈ ಕೇಸುಗಳು ಸಾಮಾನ್ಯವಾಗಿ ಬಿರುಕು ಬಿಡುವುದು ಮೂರನೇ ಸಿಲಿಂಡರಿನ ಪಕ್ಕ, ಫ್ಲೈವೀಲ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಕಡೆಗೆ. ಮೆಗ್ನೀಸಿಯಂ ಅಯಸ್ಕಾಂತಕ್ಕೆ ಅಂಟದ ಕಾರಣ ಕಬ್ಬಿಣದ ಪುಡಿಯ ಪರೀಕ್ಷೆ ಇಲ್ಲಿ ನಡೆಯದು. ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ದ್ರವ (ಪೆನಿಟ್ರಂಟ್) ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಆ ಬಣ್ಣವನ್ನು ಹೊರಕ್ಕೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿದೆ. ಬರಿಗಣ್ಣಿಗೆ ಏನೂ ಇಲ್ಲದ ಕಡೆ ಕೂದಲೆಳೆಯಂಥ ಕೆಂಪು ಗೆರೆ ನಿಧಾನವಾಗಿ ಮೂಡಿತು. ಅದು ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್ ಕೂರುವ ಗೋಡೆಗೆ ಹಬ್ಬಿದ್ದರೆ ಆ ಕೇಸನ್ನು ಅಲ್ಲಿಗೇ ಬಿಡುತ್ತಿದ್ದೆ. ಹಬ್ಬಿರಲಿಲ್ಲ.

ಗೆರೆಯ ಎರಡೂ ತುದಿಗೆ ಸಣ್ಣ ತೂತು ಕೊರೆದು, ಉದ್ದಕ್ಕೂ ವಿ ಆಕಾರದಲ್ಲಿ ಬಿಡಿಸಿ, ಟಿಗ್ ವೆಲ್ಡಿಂಗ್ (ಅನಿಲದ ರಕ್ಷಣೆಯಲ್ಲಿ ವಿದ್ಯುತ್ತಿನಿಂದ ಬೆಸೆಯುವುದು) ಮಾಡಿಸಿದ್ದಾಯಿತು. ಎರಕದೊಳಗೆ ವರ್ಷಗಟ್ಟಲೆ ಇಳಿದ ಎಣ್ಣೆ ಬಿಸಿಗೆ ಹೊರಬಂದು ವೆಲ್ಡನ್ನು ಕಪ್ಪಾಗಿಸುತ್ತದೆ. ಕೆರೆದು, ಬಿಸಿಮಾಡಿ, ಮತ್ತೆ ಹಾಕಬೇಕು. ಅವಸರ ಪಡುವವರ ಕೈಗೆ ಈ ಕೆಲಸ ಕೊಡಬೇಡಿ. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಒಣ ಮರಳು ಪಕ್ಕದಲ್ಲಿರಲಿ.

ಬೇರಿಂಗ್ ಬೋರ್ (ಬೇರಿಂಗ್ ಕೂರುವ ದುಂಡು ತೂತು) ಅಳೆದದ್ದು ವೆಲ್ಡಿಂಗ್ ಮುಗಿದ ಮೇಲೆ, ಏಕೆಂದರೆ ಆ ಬಿಸಿಗೆ ಕೇಸ್ ಸೊಟ್ಟಗಾಗುತ್ತದೆ. ದೊಡ್ಡ ಬೋರ್‌ಗಳ ಮೂಲ ಅಳತೆ 65 ಮಿಮೀ. ನಡುವಿನದು ಕ್ರ್ಯಾಂಕಿನ ಏಟು ತಿಂದು ಅಂಡಾಕಾರವಾಗಿತ್ತು, ಅಂಚು ಉಗುರಿಗೇ ಸಿಗುತ್ತಿತ್ತು. ಲೈನ್ ಬೋರಿಂಗ್ (ಎಲ್ಲ ಬೋರ್‌ಗಳನ್ನೂ ಒಂದೇ ಸಾಲಿನಲ್ಲಿ ದುಂಡಗೆ ಕೊರೆಯುವುದು) ಮಾಡಿಸಿ, ಹೊರಸುತ್ತು 0.5 ಮಿಮೀ ಹೆಚ್ಚಿರುವ ಬೇರಿಂಗ್ ಹಾಕಿದೆ. ಹೋಳುಗಳು ಕೂಡುವ ಮುಖವನ್ನು ಉಜ್ಜಿ ಬೋರ್ ಚಿಕ್ಕದು ಮಾಡುವವರಿದ್ದಾರೆ. ಅದರಿಂದ ಬೋರ್ ದುಂಡಗೆ ಉಳಿಯುವುದಿಲ್ಲ.

ಸಿಲಿಂಡರ್ ಹೆಡ್ಡನ್ನು ಕೇಸಿಗೆ ಬಿಗಿದಿಡುವ ಉದ್ದನೆಯ ಹೆಡ್ ಸ್ಟಡ್‌ಗಳದ್ದು ಬೇರೆ ಕಥೆ. ಬಿಸಿಯಾದಾಗ ಅಲ್ಯೂಮಿನಿಯಂ ಹೆಡ್ಡೂ ಮೆಗ್ನೀಸಿಯಂ ಕೇಸೂ ಉಕ್ಕಿನ ಸ್ಟಡ್‌ಗಿಂತ ಹೆಚ್ಚು ಹಿಗ್ಗುತ್ತವೆ. ಆ ಎಳೆತಕ್ಕೆ ಮೆತ್ತನೆಯ ಕೇಸಿನ ಥ್ರೆಡ್ಡೇ (ಸ್ಟಡ್ ಕೂರುವ ತಿರುಪಿನ ಹಲ್ಲು) ಕಿತ್ತುಬರುತ್ತದೆ. ಹೋಗಿದ್ದವು ಕೆಲವೇ ಆದರೂ ಎಲ್ಲ ತೂತಿಗೂ ಉಕ್ಕಿನ ಇನ್ಸರ್ಟ್ (ಒಳಗೆ ಥ್ರೆಡ್ ಇರುವ ಸಣ್ಣ ಕೊಳವೆ) ಹಾಕಿಸಿದೆ. ಕಂಪನಿಯೇ ನಂತರದ ಕೇಸುಗಳಿಗೆ ಇನ್ಸರ್ಟ್ ಕೊಟ್ಟು, 10 ಮಿಮೀ ಸ್ಟಡ್ ಬದಲು 8 ಮಿಮೀಯದ್ದು ತಂದಿತು. ತೆಳ್ಳಗಿನ ಸ್ಟಡ್ ಎಳೆತಕ್ಕೆ ತುಸು ಹಿಗ್ಗಿಕೊಡುತ್ತದೆ, ಥ್ರೆಡ್ ಮೇಲಿನ ಒತ್ತಡ ಕಡಿಮೆಯಾಗುತ್ತದೆ.

ಜೋಡಿಸುವಾಗ ಒಂದೊಂದೇ ನಟ್ ಬಿಗಿಯುತ್ತ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಹೋದೆ. ಎಲ್ಲಾದರೂ ಹಿಡಿದರೆ ಇನ್ನೂ ಬಿಗಿಯದೆ ಬಿಚ್ಚುವುದೇ ಸರಿ. ಹೆಚ್ಚಿನ ಸಲ ಯಾವುದೋ ಒಂದು ಬೇರಿಂಗ್ ತನ್ನನ್ನು ಜಾಗದಲ್ಲಿ ಹಿಡಿದಿಡುವ ಡವೆಲ್ ಪಿನ್ನಿನ ಮೇಲೆ ಕೂತಿರುವುದಿಲ್ಲ.