ಇಂಜಿನ್ ರೂಮಿನಲ್ಲಿ ಮತ್ತೆ ಮೊದಲಿನಿಂದ ಕಲಿತೆ

ಹಡಗಿನ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಈಗ ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಹಡಗಿನಲ್ಲಿ ಮನುಷ್ಯರು ಬೇಕಾಗ್ತಾರಾ?"

ಅವರು ತಾನಾಗಿ ಓಡುವ ಹಡಗಿನ ಸುದ್ದಿ ಓದಿರುತ್ತಾರೆ. ನಾರ್ವೆಯ ಯಾರಾ ಬಿರ್ಕೆಲ್ಯಾಂಡ್ 2022ರಿಂದ ಕಂಟೇನರ್ ಸಾಗಿಸುತ್ತಿದೆ. ಪೂರ್ತಿ ಬ್ಯಾಟರಿಯಲ್ಲೇ ಓಡುತ್ತದೆ. ಮುಂದೆ ಸಿಬ್ಬಂದಿ ಇಲ್ಲದೆ ಓಡಿಸಬೇಕು ಅಂತಲೇ ಕಟ್ಟಿದ ಹಡಗು ಅದು. ಆದರೆ ಅದರ ದಾರಿ ಕರಾವಳಿಗೆ ಅಂಟಿಕೊಂಡ ಚಿಕ್ಕ ದಾರಿ. ನಾನು ಚೀಫ್ ಇಂಜಿನಿಯರ್ ಆಗಿರುವುದು ಸಾಗರ ದಾಟುವ ಹಡಗುಗಳಲ್ಲಿ. ಅಲ್ಲಿ ಜನ ಬೇಡವಾದದ್ದನ್ನು ನಾನು ಕಂಡಿಲ್ಲ. ಇರುವ ಜನ ಕಲಿಯಬೇಕಾದ್ದು ಜಾಸ್ತಿ ಆಗಿದ್ದನ್ನು, ಕಲಿಯೋಕೆ ಸಿಗುವ ಹೊತ್ತು ಕಡಿಮೆ ಆಗಿದ್ದನ್ನು ಕಂಡಿದ್ದೇನೆ. ಆ ಇಕ್ಕಟ್ಟಿನೊಳಗೆ ನಾನು ಹೇಗೆ ಕಲಿತೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ನಾನು ಜೂನಿಯರ್ ಆಗಿದ್ದಾಗ ದೊಡ್ಡ ಟೂ-ಸ್ಟ್ರೋಕ್ ಇಂಜಿನ್ ಅಂದರೆ ಅದಕ್ಕೊಂದು ಕ್ಯಾಮ್‌ಶಾಫ್ಟ್ ಇರುತ್ತಿತ್ತು. ಇಂಧನ ಯಾವಾಗ ಸಿಲಿಂಡರಿಗೆ ಹೋಗಬೇಕು, ಎಕ್ಸಾಸ್ಟ್ ವಾಲ್ವ್ ಯಾವಾಗ ತೆರೆಯಬೇಕು, ಎಲ್ಲವನ್ನೂ ಆ ಉಕ್ಕಿನ ದಂಡವೇ ತೀರ್ಮಾನಿಸುತ್ತಿತ್ತು. ಏನಾದರೂ ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. 2000ದ ದಶಕದ ಮೊದಲ ವರ್ಷಗಳಲ್ಲಿ ಸುಲ್ಜರ್ ಆರ್‌ಟಿ-ಫ್ಲೆಕ್ಸ್ ಬಂತು, ಮ್ಯಾನ್ ಕಂಪನಿಯ ಎಂಇ ಇಂಜಿನ್ ಬಂತು. ಕ್ಯಾಮ್‌ಶಾಫ್ಟ್ ಹೋಯಿತು. ಎಂಇ ಇಂಜಿನ್‌ನಲ್ಲಿ 200ರಿಂದ 300 ಬಾರ್ ಒತ್ತಡದ ಹೈಡ್ರಾಲಿಕ್ ಎಣ್ಣೆ ವಾಲ್ವ್ ಎತ್ತುತ್ತದೆ, ಇಂಧನ ಒತ್ತುತ್ತದೆ. ಯಾವ ಕ್ಷಣದಲ್ಲಿ ಅನ್ನುವುದನ್ನು ಹೇಳುವುದು ಕಂಟ್ರೋಲರ್. ಕ್ರ್ಯಾಂಕ್‌ಶಾಫ್ಟ್ ಎಷ್ಟು ತಿರುಗಿದೆ ಅಂತ ಎನ್‌ಕೋಡರ್ ತಿಳಿಸುತ್ತದೆ, ಕಂಟ್ರೋಲರ್ ಅದನ್ನು ನೋಡಿಕೊಂಡು ಆಜ್ಞೆ ಕೊಡುತ್ತದೆ.

ಇಂಥ ಇಂಜಿನ್ ಇರುವ ಹಡಗಿಗೆ ಮೊದಲ ಸಲ ಸೈನ್-ಆನ್ ಆದಾಗ ನನಗೆ ಸಿಕ್ಕಿದ್ದು ಅರ್ಧ ದಿನದ ಹ್ಯಾಂಡೋವರ್. ಹಳೆಯ ಸೆಕೆಂಡ್ ಇಂಜಿನಿಯರ್ ಬ್ಯಾಗ್ ಕಟ್ಟಿಕೊಂಡು ಗ್ಯಾಂಗ್‌ವೇ ಹತ್ತಿರ ನಿಂತಾಗಿತ್ತು. ತಯಾರಕರ ಕೋರ್ಸ್ ಮಾಡಿದ್ದೆ, ಸರ್ಟಿಫಿಕೇಟ್ ಇತ್ತು. ಆದರೆ ಕೋರ್ಸಿನಲ್ಲಿ ನೋಡಿದ ಪರದೆಗೂ ಕಣ್ಣೆದುರಿನ ಪೈಪುಗಳಿಗೂ ನನ್ನ ತಲೆಯಲ್ಲಿ ಇನ್ನೂ ನಂಟು ಬೆಳೆದಿರಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಬಹಳ ಹಳೆಯ ಕಾಲದ್ದು. ಹೈಡ್ರಾಲಿಕ್ ಡ್ರಾಯಿಂಗ್ ಪ್ರಿಂಟ್ ತೆಗೆದುಕೊಂಡು ಪ್ರತಿ ರೌಂಡಿನಲ್ಲೂ ಒಂದೊಂದು ಲೈನ್ ಹಿಡಿದು ನಡೆದೆ. ಪಂಪಿನಿಂದ ಹೊರಟ ಎಣ್ಣೆ ಎಲ್ಲಿ ಹೋಗುತ್ತದೆ, ಎಲ್ಲಿ ಕವಲೊಡೆಯುತ್ತದೆ, ಒತ್ತಡ ಕಾಯ್ದಿಡುವ ಅಕ್ಯುಮ್ಯುಲೇಟರ್ ಎಲ್ಲಿದೆ, ಯಾವ ವಾಲ್ವ್ ಮುಚ್ಚಿದರೆ ಯಾವ ಸಿಲಿಂಡರ್ ಪ್ರತ್ಯೇಕ ಆಗುತ್ತದೆ. ಆಮೇಲೆ ಡ್ರಾಯಿಂಗ್ ನೋಡದೆ ನನ್ನ ಕೈಯಲ್ಲೇ ಬಿಡಿಸುತ್ತಿದ್ದೆ. ಎಲ್ಲಿ ಪೆನ್ಸಿಲ್ ನಿಲ್ಲುತ್ತಿತ್ತೋ ಅಲ್ಲಿಗೇ ಮರುದಿನದ ರೌಂಡ್. ಕಂಟ್ರೋಲರ್‌ಗಳ ವಿಷಯಕ್ಕೆ ಇಟಿಒ, ಅಂದರೆ ಹಡಗಿನ ವಿದ್ಯುತ್ತು, ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ ಆಫೀಸರ್ ಪಕ್ಕ ಕೂತೆ. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ರ‍್ಯಾಂಕಿನಲ್ಲೂ ಕೆಳಗೆ. ಅದರಲ್ಲಿ ಸಂಕೋಚ ಪಡುವಂಥದ್ದು ಏನಿದೆ? ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಇಟಿಒ ಅನ್ನುವ ಹುದ್ದೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವಿಕರ ತರಬೇತಿ, ಅರ್ಹತೆಗಳ ಎಸ್‌ಟಿಸಿಡಬ್ಲ್ಯು ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿ ಆಗುವವರೆಗೆ ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್‌ಗೆ ಅಂತರರಾಷ್ಟ್ರೀಯ ಮಟ್ಟದ ಅರ್ಹತೆಯ ಅಳತೆಯೇ ಇರಲಿಲ್ಲ. ಈಗ ಇದೆ. ಆದರೆ ಪ್ರತಿ ಹಡಗಿನಲ್ಲೂ ಇಟಿಒ ಇರಲೇಬೇಕು ಅನ್ನುವ ಅಂತರರಾಷ್ಟ್ರೀಯ ಕಡ್ಡಾಯ ಇಲ್ಲ. ಅದು ಧ್ವಜದ ದೇಶಕ್ಕೆ (ಹಡಗು ನೋಂದಣಿಯಾದ ದೇಶಕ್ಕೆ), ಕಂಪನಿಗೆ ಬಿಟ್ಟ ವಿಷಯ. ಖರ್ಚು ಉಳಿಸೋಕೆ ಆ ಒಬ್ಬರನ್ನೇ ಕಡಿಮೆ ಮಾಡಿದ ಹಡಗುಗಳಲ್ಲೂ ನಾನು ಇದ್ದೇನೆ. ಇಡೀ ಇಂಜಿನ್ ಎಲೆಕ್ಟ್ರಾನಿಕ್ಸ್ ಮೇಲೆ ನಿಂತಿರುವಾಗ ಅದನ್ನು ಬಲ್ಲವರನ್ನೇ ಇಳಿಸುವುದು ನನ್ನ ಮಟ್ಟಿಗೆ ಅರ್ಥವಿಲ್ಲದ ಉಳಿತಾಯ.

ಒಂದು ರಾತ್ರಿಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂಜಿನ್ ರೂಮಿನಲ್ಲಿ ಯಾರೂ ಇರಲಿಲ್ಲ, ಕಾವಲಿಲ್ಲದೆ ಅಲಾರಂಗಳ ಮೇಲೇ ಬಿಡುವ ಯುಎಂಎಸ್‌ನಲ್ಲಿತ್ತು. ಅಲಾರಂ ಹೊಡೆಯಿತು. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಎದ್ದೇಳುತ್ತಿಲ್ಲ ಅಂತ ಪರದೆ ಹೇಳುತ್ತಿತ್ತು. ಡ್ಯೂಟಿಯಲ್ಲಿದ್ದ ಫೋರ್ತ್ ಇಂಜಿನಿಯರ್ ಮುಖ ಬಿಳುಚಿಕೊಂಡಿತ್ತು. ವಾಲ್ವ್ ನಿಜಕ್ಕೂ ಏಳದಿದ್ದರೆ ಇಂಜಿನ್ ನಿಧಾನ ಮಾಡಬೇಕು, ಆ ಸಿಲಿಂಡರಿಗೆ ಇಂಧನ ನಿಲ್ಲಿಸಿ ಅದನ್ನು ಕಟ್ ಮಾಡಬೇಕು. ಅದಕ್ಕೂ ಮುಂಚೆ ನಾನು ಕೇಳಿದ್ದು ಇಷ್ಟೇ: "ಈ ಮಾತನ್ನು ಇನ್ನೂ ಯಾರಾದರೂ ಹೇಳ್ತಿದ್ದಾರಾ, ಅಥವಾ ಆ ಸೆನ್ಸರ್ ಒಂದೇ ಹೇಳ್ತಿದೆಯಾ?"

ಎಕ್ಸಾಸ್ಟ್ ತಾಪಮಾನ ನೋಡಿದೆವು. ಅಕ್ಕಪಕ್ಕದ ಸಿಲಿಂಡರುಗಳಷ್ಟೇ ಇತ್ತು. ಕಂಪ್ರೆಷನ್ ಒತ್ತಡ ಸರಿ ಇತ್ತು. ಮೇಲಿನ ಪ್ಲ್ಯಾಟ್‌ಫಾರ್ಮಿಗೆ ಹೋಗಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಹೌಸಿಂಗಿಗೆ ತಾಗಿಸಿ, ಹಿಡಿಕೆಯನ್ನು ಇಯರ್ ಮಫ್ ಸರಿಸಿ ಕಿವಿಗೆ ಒತ್ತಿಕೊಂಡೆ. ಟಕ್, ಟಕ್, ಟಕ್. ಮೂರನೆಯದಕ್ಕೂ ಐದನೆಯದಕ್ಕೂ ಹೋಗಿ ಕೇಳಿ ಬಂದೆ. ಅದೇ ಸದ್ದು, ಅದೇ ಲಯ. ಫೋರ್ತ್ ಕಿವಿಗೂ ಕೇಳಿಸಿದೆ. ವಾಲ್ವ್ ಏಳುತ್ತಿತ್ತು, ಸೆನ್ಸರ್ ಸುಳ್ಳು ಹೇಳುತ್ತಿತ್ತು. ಬೆಳಗಾಗುವ ತನಕ ಕಣ್ಣಿಟ್ಟೆವು. ಹಡಗು ಲಂಗರು ಹಾಕಿ ಇಂಜಿನ್ ನಿಂತ ಮೇಲೆ ನಾಲ್ಕರ ಸೆನ್ಸರನ್ನು ಐದಕ್ಕೆ, ಐದರದ್ದನ್ನು ನಾಲ್ಕಕ್ಕೆ ಹಾಕಿದೆವು. ಮತ್ತೆ ಹೊರಟಾಗ ಅಲಾರಂ ಐದಕ್ಕೆ ಬಂತು. ಅಂದರೆ ಕೇಬಲ್ ಸರಿ, ಕಂಟ್ರೋಲರ್ ಸರಿ, ಕೆಟ್ಟಿದ್ದು ಸೆನ್ಸರ್ ಮಾತ್ರ. ಸ್ಟೋರಿನಿಂದ ಹೊಸದು ತಂದು ಹಾಕಿದಾಗ ಎಲ್ಲ ಸರಿಹೋಯಿತು.

ಸೆನ್ಸರ್‌ಗಳ ಜಾಗ ಅದಲು ಬದಲು ಮಾಡಿ ದೋಷ ಅದರ ಜೊತೆಗೇ ಹೋಗುತ್ತದಾ ನೋಡುವುದು ಇಟಿಒ ನನಗೆ ಕಲಿಸಿದ್ದು. ಸ್ಕ್ರೂಡ್ರೈವರ್ ಕಿವಿಗೆ ಹಚ್ಚುವುದು ನಾನು ಜೂನಿಯರ್ ಆಗಿದ್ದಾಗ ನನ್ನ ಸೆಕೆಂಡ್ ಕಲಿಸಿದ್ದು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ರಾತ್ರಿ ಸುಮ್ನೆ ಒಂದು ಸಿಲಿಂಡರ್ ಕಟ್ ಮಾಡಿ, ನಿಧಾನವಾಗಿ ತೆವಳುತ್ತಿದ್ದೆವು.

ಇಂಧನ ಬದಲಾದಾಗ ಇದಕ್ಕಿಂತ ದೊಡ್ಡ ಪಾಠ ಬಂತು. 2020ರ ಜನವರಿಯಿಂದ ಇಂಧನದಲ್ಲಿ ಗಂಧಕ 0.50 ಶೇಕಡಾ ಮೀರುವಂತಿಲ್ಲ ಅಂತ ಆಯಿತು. 2023ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2050ರ ಹೊತ್ತಿಗೆ ಅಥವಾ ಅದರ ಆಸುಪಾಸಿನಲ್ಲಿ ಹಡಗುಗಳ ಹಸಿರುಮನೆ ಅನಿಲವನ್ನು ನಿವ್ವಳ ಸೊನ್ನೆಗೆ ತರುವ ಗುರಿ ಇಟ್ಟಿತು. ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಮೊದಲೇ ಬಂದಿತ್ತು. ಆಮೇಲೆ ಮೆಥನಾಲ್, ಒಂದು ಬಗೆಯ ಆಲ್ಕೋಹಾಲ್. ಸ್ಟೆನಾ ಜರ್ಮಾನಿಕಾ ಅನ್ನುವ ಫೆರಿ 2015ರಲ್ಲೇ ಮೆಥನಾಲ್‌ಗೆ ಬದಲಾಗಿತ್ತು. 2023ರಲ್ಲಿ ಲಾರಾ ಮೇರ್ಸ್ಕ್ ಮೆಥನಾಲ್‌ನಲ್ಲಿ ಓಡುವ ಮೊದಲ ಕಂಟೇನರ್ ಹಡಗಾಯಿತು. ನಾನೂ ಮೆಥನಾಲ್, ಡೀಸೆಲ್ ಎರಡರಲ್ಲೂ ಓಡುವ ಡ್ಯುಯಲ್-ಫ್ಯುಯೆಲ್ ಹಡಗಿಗೆ ಹೋಗುತ್ತೇನೆ ಅಂತ ಕೇಳಿಕೊಂಡೆ.

ಅದಕ್ಕೆ ಐಜಿಎಫ್ ತರಬೇತಿ, ಅಂದರೆ ಸುಲಭವಾಗಿ ಹೊತ್ತಿಕೊಳ್ಳುವ ಇಂಧನದ ಹಡಗಿನವರಿಗೆ ಕೊಡುವ ತರಬೇತಿ ಬೇಕು, ಬೇಸಿಕ್ ಮತ್ತು ಅಡ್ವಾನ್ಸ್ಡ್. ಅಡ್ವಾನ್ಸ್ಡ್ ಸಿಗಬೇಕಾದರೆ ಅಂಥ ಹಡಗಿನಲ್ಲಿ ಕನಿಷ್ಠ ಒಂದು ತಿಂಗಳ ಸೇವೆ ಆಗಿರಬೇಕು, ಅದರಲ್ಲಿ ಮೂರು ಬಂಕರಿಂಗ್ (ಹಡಗಿಗೆ ಇಂಧನ ತುಂಬುವುದು) ಆಗಿರಬೇಕು. ಮೂರರಲ್ಲಿ ಎರಡನ್ನು ಸಿಮ್ಯುಲೇಟರಿನಲ್ಲಿ ಮಾಡಬಹುದು ಅಂತ ನಿಯಮ ಬಿಡುತ್ತದೆ. ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಕಲಿಯುವವರು ಸಾವಿರಾರು, ಅಂಥ ಹಡಗುಗಳು ಇನ್ನೂ ಕಡಿಮೆ. ಸಿಮ್ಯುಲೇಟರಿನಲ್ಲಿ ಹೋಸ್ ಹರಿದುಹೋಗುವುದನ್ನು ತೋರಿಸಬಹುದು, ನಿಜದಲ್ಲಿ ಅದನ್ನು ಯಾರೂ ಬೇಕಂತ ಹರಿಯುವುದಿಲ್ಲವಲ್ಲ. ಆದರೆ ಹೋಸ್ ಜೋಡಿಸುವ ಮ್ಯಾನಿಫೋಲ್ಡ್ ಪಕ್ಕ ನಿಂತು, ಬಂಕರ್ ಹಡಗಿನವರ ಜೊತೆ ಚೆಕ್‌ಲಿಸ್ಟ್ ಒಂದೊಂದೇ ಸಾಲು ಓದಿ, ಎಮರ್ಜೆನ್ಸಿ ಶಟ್‌ಡೌನ್ ಒತ್ತಿ ಪರೀಕ್ಷಿಸಿ, ನೈಟ್ರೋಜನ್ ಹಾಯಿಸಿ ಲೈನ್ ಖಾಲಿ ಮಾಡುವ ತನಕ ಕಾಯುವುದಿದೆ. ಆ ಕಾಯುವಿಕೆಯನ್ನು ಯಾವ ಪರದೆಯೂ ಕಲಿಸುವುದಿಲ್ಲ. ನಾನು ನಿಜದ ಬಂಕರಿಂಗ್‌ಗಳಿಗೇ ಹೋಗಿ ನಿಂತೆ.

ಮೆಥನಾಲ್ ಒಂದು ರೀತಿಯಲ್ಲಿ ಸುಲಭದ ಇಂಧನ. ಎಲ್‌ಎನ್‌ಜಿ ಹಾಗೆ ಮೈನಸ್ 162 ಡಿಗ್ರಿಯಲ್ಲಿ ಇಡಬೇಕಾಗಿಲ್ಲ, ಸಾಮಾನ್ಯ ತಾಪಮಾನದಲ್ಲೇ ದ್ರವ. ಕಷ್ಟ ಇರುವುದು ಬೇರೆ ಕಡೆ. ಸಾಮಾನ್ಯ ಹಡಗಿನ ಇಂಧನದ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಅದರ ಆವಿ ಹೊತ್ತಿಕೊಳ್ಳುವ ಕನಿಷ್ಠ ತಾಪಮಾನ, 60 ಡಿಗ್ರಿಗಿಂತ ಕೆಳಗಿರಬಾರದು. ಮೆಥನಾಲ್‌ದು ಸುಮಾರು 12 ಡಿಗ್ರಿ. ಅದರ ಆವಿ ಗಾಳಿಗಿಂತ ಸ್ವಲ್ಪ ಭಾರ, ಹಾಗಾಗಿ ತಗ್ಗಿನಲ್ಲಿ ಕೂರುತ್ತದೆ. ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಅದಕ್ಕೇ ಇಂಜಿನ್ ರೂಮಿನೊಳಗೆ ಬರುವ ಪೈಪಿಗೆ ಎರಡು ಗೋಡೆ. ನಡುವಿನ ಜಾಗದ ಗಾಳಿಯನ್ನು ಗಂಟೆಗೆ ಕನಿಷ್ಠ 30 ಸಲ ಬದಲಿಸುತ್ತಲೇ ಇರಬೇಕು. ಸೋರಿಕೆ ಕಂಡರೆ ಇಂಜಿನ್ ತಾನಾಗಿ ಡೀಸೆಲ್‌ಗೆ ಹೊರಳುತ್ತದೆ.

ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಬೆಂಕಿಯ ತರಬೇತಿ. ಬಯಲಿನಲ್ಲಿ ಉಕ್ಕಿನ ತಟ್ಟೆಯೊಂದರಲ್ಲಿ ಮೆಥನಾಲ್ ಹೊತ್ತಿಸಿದ್ದರು. ಹಗಲು ಹೊತ್ತು. ನನಗೆ ಏನೂ ಕಾಣಲಿಲ್ಲ. ಹೊಗೆ ಇಲ್ಲ, ಹಳದಿ ಜ್ವಾಲೆ ಇಲ್ಲ. ತಟ್ಟೆಯ ಮೇಲಿನ ಗಾಳಿ ಬಿಸಿಗೆ ನಡುಗಿದಂತೆ ಕಾಣುತ್ತಿತ್ತು, ಅಷ್ಟೇ. ಥರ್ಮಲ್ ಕ್ಯಾಮೆರಾ ಹಿಡಿದಾಗ ಪರದೆ ತುಂಬ ಬಿಳಿ. ಇಷ್ಟು ವರ್ಷ ಇಂಜಿನ್ ರೂಮಿನಲ್ಲಿ ಬೆಂಕಿ ಅಂದರೆ ಹೊಗೆ ಹುಡುಕು, ವಾಸನೆ ಹುಡುಕು ಅಂತ ಕಲಿತಿದ್ದ ಕಣ್ಣು ಮೂಗು ಅಲ್ಲಿ ಕೆಲಸಕ್ಕೆ ಬರಲಿಲ್ಲ. ನೀರು ಹೊಡೆದು ತೆಳು ಮಾಡಿಬಿಡೋಣ ಅಂದರೆ, ನಾಲ್ಕನೇ ಒಂದು ಭಾಗ ಮೆಥನಾಲ್ ಉಳಿದರೂ ಆ ನೀರು ಹೊತ್ತಿಕೊಳ್ಳಬಲ್ಲದು. ಆಲ್ಕೋಹಾಲಿಗೆ ಕರಗದ ಫೋಮೇ ಬೇಕು. ಹಡಗಿಗೆ ಹತ್ತಿದ ಮೇಲೆ ನಮ್ಮ ಫೈರ್ ಡ್ರಿಲ್ಲನ್ನೇ ಬದಲಿಸಿದೆ. ಮೊದಲು ಒಳಗೆ ಹೋಗುವವರ ಕೈಯಲ್ಲಿ ಕ್ಯಾಮೆರಾ, ಹೋಸ್ ಅದರ ಹಿಂದೆ. ಫಿಟ್ಟರ್, ಮೋಟರ್‌ಮ್ಯಾನ್, ಅಡುಗೆಯವರು, ಎಲ್ಲರೂ ಒಂದು ಸಲವಾದರೂ ಕ್ಯಾಮೆರಾ ಹಿಡಿದು ನೋಡಲೇಬೇಕು ಅಂತ ಮಾಡಿದೆ.

ಈಗ ಜನರ ಲೆಕ್ಕಕ್ಕೆ ಬರುತ್ತೇನೆ. ಹಡಗು ಉದ್ಯಮದ ಸಂಘಗಳಾದ ಬಿಮ್ಕೊ ಮತ್ತು ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಶಿಪ್ಪಿಂಗ್ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ದುಡಿಯುವವರು ಸುಮಾರು 18 ಲಕ್ಷ 90 ಸಾವಿರ. 2026ರ ಹೊತ್ತಿಗೆ ಇನ್ನೂ 89 ಸಾವಿರಕ್ಕೂ ಹೆಚ್ಚು ಆಫೀಸರ್‌ಗಳು ಬೇಕು ಅಂತ ಆ ವರದಿ ಹೇಳಿತ್ತು. 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಹೊಸ ಇಂಧನಗಳಿಗಾಗಿ 2030ರ ದಶಕದ ನಡುವಿನ ಹೊತ್ತಿಗೆ 8 ಲಕ್ಷದವರೆಗೆ ನಾವಿಕರಿಗೆ ಮತ್ತೆ ತರಬೇತಿ ಬೇಕಾಗಬಹುದು ಅಂದಿತು. ಒಂದು ಕಡೆ ಜನ ಸಾಲುತ್ತಿಲ್ಲ, ಇನ್ನೊಂದು ಕಡೆ ಇರುವವರಲ್ಲಿ ಅಷ್ಟೊಂದು ಜನ ಮತ್ತೆ ಬೆಂಚಿನ ಮೇಲೆ ಕೂರಬೇಕು. ಅವರು ಯಾವಾಗ ಕೂರೋದು? ನಾವಿಕರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ನಿಯಮ ಇದೆ. ಬಂದರಿನಿಂದ ಬಂದರಿಗೆ ಓಡುವ ಹಡಗಿನಲ್ಲಿ ಅಷ್ಟನ್ನು ಕಾಪಾಡುವುದೇ ಕಷ್ಟ. ಕಲಿಕೆಯನ್ನು ಅದರೊಳಗೆ ತುರುಕಿದರೆ ನಿದ್ದೆ ಹೋಗುತ್ತದೆ. ರಜೆಯಲ್ಲಿ ತುರುಕಿದರೆ ಮನೆಯವರ ಪಾಲಿನ ದಿನ ಹೋಗುತ್ತದೆ.

ಇಂಟರ್ನೆಟ್ ಬಂದಿದ್ದು ದೊಡ್ಡ ಸಹಾಯವೇ. ನಾವಿಕರಿಗೆ ಸಂಪರ್ಕ ಸೌಲಭ್ಯ ಒದಗಿಸಬೇಕು ಅನ್ನುವ ತಿದ್ದುಪಡಿ ಕಡಲ ಕಾರ್ಮಿಕ ಒಪ್ಪಂದದಲ್ಲಿ 2024ರ ಡಿಸೆಂಬರ್‌ನಿಂದ ಜಾರಿಗೆ ಬಂದಿದೆ. ನಡುಸಮುದ್ರದಿಂದಲೇ ತಯಾರಕರ ಜೊತೆ ವಿಡಿಯೊದಲ್ಲಿ ಮಾತಾಡಿ ಕಂಟ್ರೋಲರ್ ಬದಲಿಸಿದ್ದೇವೆ. ಅದೇ ಸಂಪರ್ಕದಲ್ಲಿ ನಮ್ಮ ಇಂಜಿನ್ನಿನ ಅಂಕಿಗಳೂ ದಡದ ಕಚೇರಿಗೆ ಹೋಗುತ್ತವೆ. ಅಲ್ಲಿ ಕೂತವರು "ಎರಡನೇ ಸಿಲಿಂಡರ್ ತಾಪಮಾನ ಯಾಕೆ ಏರ್ತಿದೆ?" ಅಂತ ನಮಗಿಂತ ಮುಂಚೆ ಕೇಳುವುದೂ ಉಂಟು. ಅದರಿಂದ ಒಂದೆರಡು ಬೇರಿಂಗ್ ಉಳಿದಿವೆ ಅಂತ ಖುಷಿಯಿಂದ ಒಪ್ಪುತ್ತೇನೆ. ಆ ಮೇಜುಗಳಲ್ಲಿ ಈಗ ಹಡಗು ಬಿಟ್ಟ ಇಂಜಿನಿಯರ್‌ಗಳು ಕೂರುತ್ತಿದ್ದಾರೆ. ಇದು ನಮ್ಮ ವೃತ್ತಿಯಲ್ಲಿ ಹುಟ್ಟಿದ ಹೊಸ ದಾರಿ, ಒಳ್ಳೆಯ ದಾರಿ. ಆದರೆ ಇಂಜಿನ್ ಪಕ್ಕ ನಿಂತು ಗೊತ್ತಿಲ್ಲದವರು ಅಲ್ಲಿ ಕೂತಾಗ ಪ್ರಶ್ನೆಗಳೇ ಬೇರೆ ಥರ ಬರುತ್ತವೆ. ಒಂದೇ ಸಂದೇಶದಲ್ಲಿ ಗೊತ್ತಾಗಿಬಿಡುತ್ತದೆ.

ಹೊಸ ಇಂಧನದ ಹಡಗಿಗೆ ಕಳಿಸುವ ಕಂಪನಿಗಳ ಮುಂದೆ ನನ್ನ ಬೇಡಿಕೆ ಒಂದೇ. ಹೊಸಬರು ಹತ್ತಿದ ಮೇಲೆ ಹಳಬರನ್ನು ತಕ್ಷಣ ಇಳಿಸಬೇಡಿ. ಇಬ್ಬರೂ ಒಟ್ಟಿಗೆ ಕನಿಷ್ಠ ಒಂದು ಬಂಕರಿಂಗ್, ಒಂದು ಇಂಧನ ಬದಲಾವಣೆ, ಒಂದು ಡ್ರಿಲ್ ಮುಗಿಸಲಿ. ವಿಮಾನದ ಟಿಕೆಟ್ ಒಂದಷ್ಟು ದಿನ ಮುಂದೆ ಹಾಕಿದರೆ ಸಾಕು. ಈಗಿನ ಕಂಪನಿಗೆ ಇದನ್ನೇ ಬರೆದು ಕೊಟ್ಟೆ. ನಮ್ಮ ಹಡಗಿನ ಮಟ್ಟಿಗೆ ಒಪ್ಪಿದರು. ಕಳೆದ ಸಲ ಸೆಕೆಂಡ್ ಇಂಜಿನಿಯರ್ ಬದಲಾದಾಗ ಇಬ್ಬರೂ ಒಟ್ಟಿಗೆ ಮ್ಯಾನಿಫೋಲ್ಡಿನಲ್ಲಿ ನಿಂತಿದ್ದರು. ಹಳಬರು ಚೆಕ್‌ಲಿಸ್ಟ್ ಹಿಡಿದು ಓದಿದರು, ಹೊಸಬರು ವಾಲ್ವ್ ತಿರುಗಿಸಿದರು. ಮುಂದಿನ ಬದಲಾವಣೆ ಇಟಿಒದು. ಅದಕ್ಕೂ ಇಷ್ಟೇ ದಿನ ಕೇಳಿ ಪತ್ರ ಬರೆದಿದ್ದೇನೆ.