ಚಗಟೆ ಕೊಯ್ಯುವ ಮುಂಚೆ ಎಲೆಕಡ್ಡಿ ನೋಡಿ

ಮಳೆ ಹಿಡಿದು ಎಂಟು–ಹತ್ತು ದಿನ ಆದರೆ ಸಾಕು, ಕಾರವಾರದ ಕೋಡಿಬಾಗ ಕಡೆಯ ಖಾಲಿ ಸೈಟುಗಳಲ್ಲಿ ಚಗಟೆ ಚಾಪೆ ಹಾಸಿದ ಹಾಗೆ ಏಳುತ್ತದೆ. ನಾನು ಶಿರಸಿ ಕಡೆಯವಳು. ಕೆಲಸಕ್ಕೆಂದು ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಒಂದು ಚೀಲ ಸೊಪ್ಪು ಕೊಯ್ದು ತಂದೆ. ಆಯಿಯೂ ಆ ವಾರ ಬಂದಿದ್ದಳು. ಸೊಪ್ಪು ಸೋಸಲು ಕೂತವಳು ಒಂದಿಷ್ಟು ಕುಡಿಗಳನ್ನು ತೆಗೆತೆಗೆದು ಪಕ್ಕಕ್ಕೆ ಹಾಕತೊಡಗಿದಳು.

"ಕೂಸೇ, ಇದು ಚಗಟೆ ಅಲ್ದೇ."

ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ನೋಡಿರೆ ಗೊತ್ತಾಗ್ತು" ಅಂದಳು, ಅಷ್ಟೇ. ನನಗೆ ನೋಡಿದರೂ ಗೊತ್ತಾಗಲಿಲ್ಲ. ಅವತ್ತು ಹಲಸಿನ ಬೇಳೆ ಹಾಕಿ ಪಲ್ಯ ಮಾಡಿ ಉಂಡೆವು. ಪಕ್ಕಕ್ಕೆ ಹಾಕಿದ ಕುಡಿಗಳನ್ನು ಮಾತ್ರ ನಾನು ಎಸೆಯದೆ ಹಳೆ ಪೇಪರಿನ ಮಧ್ಯೆ ಒತ್ತಿಟ್ಟೆ.

ಚಗಟೆ ಅಂದರೆ ಸೆನ್ನಾ ಟೋರಾ. ಕೊಂಕಣಿಯವರ ತಾಯ್ಕಿಳೊ, ತುಳುವರ ತಜಂಕ್, ಘಟ್ಟದಾಚೆಯವರ ತಗಚೆ ಎಲ್ಲ ಇದೇ. ಆಯಿ ಬೇರೆ ಮಾಡಿದ್ದು ಸೆನ್ನಾ ಆಕ್ಸಿಡೆಂಟಾಲಿಸ್, ದೊಡ್ಡ ತಗಚೆ. ಕಕ್ಕೆ, ಹುಣಸೆಗಳ ದೊಡ್ಡ ಕುಟುಂಬದಲ್ಲಿ ಇವೆರಡೂ ಒಂದೇ ಮನೆಯ ಮಕ್ಕಳು. ಅಕ್ಟೋಬರಿನಲ್ಲಾದರೆ ಕುರುಡನೂ ಕೈಯಲ್ಲಿ ಮುಟ್ಟಿ ಹೇಳಬಹುದು. ಚಗಟೆಯ ಕೋಡು ತೆಳ್ಳಗೆ, ಗೇಣುದ್ದ, ಬಿಲ್ಲಿನ ಹಾಗೆ ಬಾಗಿರುತ್ತದೆ. ಇನ್ನೊಂದರದ್ದು ಚಪ್ಪಟೆ, ಅಂಚು ಬಿಳಿಚಿಕೊಂಡಿರುತ್ತದೆ. ಆದರೆ ನಾವು ಸೊಪ್ಪು ಕೊಯ್ಯುವುದು ಆಷಾಢದಲ್ಲಿ. ಆಗ ಹೂವೂ ಇಲ್ಲ, ಕೋಡೂ ಇಲ್ಲ.

ಮೊದಲು ಎಲೆಯ ಜೋಡಿ ಎಣಿಸಿ ನೋಡಿದೆ. ಚಗಟೆಗೆ ಮೂರು ಜೋಡಿ, ತುದಿ ದುಂಡಗೆ. ದೊಡ್ಡ ತಗಚೆಗೆ ನಾಲ್ಕರಿಂದ ಆರು, ತುದಿ ಚೂಪು. ಪುಸ್ತಕದಲ್ಲಿ ಓದಲು ಚಂದ. ಎಳೆ ಗಿಡದ ಮೊದಲ ಎಲೆಗಳಲ್ಲಿ ಜೋಡಿಗಳೇ ಕಡಿಮೆ, ಲೆಕ್ಕ ತಪ್ಪುತ್ತದೆ. ಆಮೇಲೆ ವಾಸನೆ. ಉಜ್ಜಿದರೆ ಎರಡೂ ನಾರುತ್ತವೆ. ಒಂದು ಸ್ವಲ್ಪ ಜಾಸ್ತಿ ನಾರುತ್ತದೆ, ಆದರೆ ಇಪ್ಪತ್ತು ಎಲೆ ಉಜ್ಜಿದ ಮೇಲೆ ಮೂಗಿಗೆ ಎಲ್ಲವೂ ಒಂದೇ.

ಕೊನೆಗೆ ಕೈಹಿಡಿದದ್ದು ಎಲೆಕಡ್ಡಿಯ ಮೇಲಿನ ಗ್ರಂಥಿ. ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಲೆನ್ಸ್ ತಂದೆ. ಅದಿಲ್ಲದಿದ್ದರೂ ಕಣ್ಣು ಚುರುಕಾಗಿದ್ದರೆ ಕಾಣುತ್ತದೆ. ಚಗಟೆಯ ಎಲೆಯನ್ನು ಮೇಲ್ಮುಖವಾಗಿ ಹಿಡಿದು ಕೆಳಗಿನ ಜೋಡಿಯ ಎರಡು ಕಿರುಎಲೆಗಳ ನಡುವೆ ನೋಡಿ. ಸಣ್ಣ ಕಡ್ಡಿಯಂಥ ಕಿತ್ತಳೆ ಬಣ್ಣದ ಮೊನೆಯೊಂದು ನೆಟ್ಟಗೆ ನಿಂತಿರುತ್ತದೆ. ಅದರ ಮೇಲಿನ ಜೋಡಿಯ ನಡುವೆ ಇನ್ನೊಂದು. ದೊಡ್ಡ ತಗಚೆಯಲ್ಲಿ ಆ ಜಾಗ ಖಾಲಿ. ಅದರ ಗ್ರಂಥಿ ಒಂದೇ, ತೊಟ್ಟಿನ ಬುಡದಲ್ಲಿ, ಕಾಂಡಕ್ಕೆ ಅಂಟಿಕೊಂಡ ಹಾಗೆ, ಗುಂಡಗೆ ಕಪ್ಪು ಗುಳ್ಳೆಯಂತೆ. ಹಳೆ ಎಲೆಯಲ್ಲಿ ಇವು ಒಣಗಿ ಹೋಗಿರುತ್ತವೆ, ಕುಡಿಯ ಹತ್ತಿರದ ಎಲೆಯನ್ನೇ ನೋಡಬೇಕು. ಸಂಜೆ ಇನ್ನೂ ಸುಲಭ. ಚಗಟೆ ಕತ್ತಲಾಗುತ್ತಲೇ ಎಲೆ ಮಡಚಿ ನಿದ್ದೆ ಹೋಗುತ್ತದೆ, ಮರೆಯಲ್ಲಿದ್ದ ಮೊನೆ ಆಗ ಬಯಲಿಗೆ ಬರುತ್ತದೆ.

ನೋಡಿದ್ದು ಸರಿಯೋ ತಪ್ಪೋ ಅಂತ ಸುಮ್ನೆ ನಂಬಲಿಲ್ಲ. ಮರುವರ್ಷ ಜೂನಿನಲ್ಲಿ ಮೂವತ್ತು ಗಿಡ ಆರಿಸಿ, ಗ್ರಂಥಿ ಬುಡದಲ್ಲಿದ್ದದ್ದಕ್ಕೆ ಕೆಂಪು ದಾರ, ಎಲೆಗಳ ನಡುವೆ ಇದ್ದದ್ದಕ್ಕೆ ಬಿಳಿ ದಾರ ಕಟ್ಟಿದೆ. ಕೋಡು ಬರುವವರೆಗೆ ಕಾಯುವ ಯೋಚನೆ. ಗಣೇಶ ಚೌತಿಗೆ ಮುಂಚೆ ಯಾರೋ ಸೈಟು ಸ್ವಚ್ಛ ಮಾಡಿ ಹದಿನೇಳು ಗಿಡ ಹೋದವು. ದಾರ ಸಮೇತ! ಉಳಿದ ಹದಿಮೂರರಲ್ಲಿ ಒಂದೂ ತಪ್ಪಿರಲಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಏಕೆ ಅಂತ ಶೇಜಾರಿನವರು ನಗುತ್ತಿದ್ದರು. ಪಶ್ಚಿಮ ಉತ್ತರ ಪ್ರದೇಶದಲ್ಲಿ ಪ್ರತಿ ವರ್ಷ ಪುಟ್ಟ ಮಕ್ಕಳ ಜೀವ ತೆಗೆಯುತ್ತಿದ್ದ ಕಾಯಿಲೆಯೊಂದಿತ್ತು. ಮಿದುಳು ಜ್ವರ ಅಂದುಕೊಂಡಿದ್ದರು. ಮಕ್ಕಳು ಆಡುತ್ತಾ ತಿಂದ ದೊಡ್ಡ ತಗಚೆಯ ಬೀಜವೇ ಕಾರಣ ಅಂತ ವೈದ್ಯರು 2007ರ ಹೊತ್ತಿಗೆ ಬರೆದರು. ಅದನ್ನು ಓದಿದ ಮೇಲೆ ನನ್ನ ಹಿತ್ತಲ ಗೋಡೆ ಪಕ್ಕದ ಎರಡು ಗಿಡಗಳನ್ನು ಬೇರು ಸಮೇತ ಕಿತ್ತೆ.

ಇನ್ನೊಂದು ತಮಾಷೆ ಇದೆ. ಹೋದ ವರ್ಷ ಅಂಕೋಲಾ ದಾರಿಯಲ್ಲಿ ಥೇಟ್ ಚಗಟೆಯಂಥದ್ದೇ ಗಿಡ ಸಿಕ್ಕಿತು, ಆದರೆ ಮೊನೆ ಕೆಳಗಿನ ಜೋಡಿಯಲ್ಲಿ ಒಂದೇ. ಕೋಡಿನ ತೊಟ್ಟೂ ಉದ್ದ, ಎರಡು ಸೆಂಟಿಮೀಟರ್ ದಾಟಿತ್ತು. ಚಗಟೆಯದ್ದು ಒಂದರ ಒಳಗೇ ಮುಗಿಯುತ್ತದೆ. ಇದು ಸೆನ್ನಾ ಆಬ್ಟುಸಿಫೋಲಿಯಾ. ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲೇ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದ, ಆಮೇಲಿನವರು ಬಹುಕಾಲ ಎರಡನ್ನೂ ಒಂದೇ ಅಂತ ಸೇರಿಸಿಬಿಟ್ಟಿದ್ದರು. ಬೀಜ ತಂದು ಹೋಲಿಸಿದೆ. ಬೀಜದ ಪಕ್ಕದಲ್ಲಿ ಒಂದು ತಿಳಿ ಪಟ್ಟಿ ಇರುತ್ತದೆ. ಚಗಟೆಯಲ್ಲಿ ಅಗಲ, ಇದರಲ್ಲಿ ಗೆರೆ ಎಳೆದಷ್ಟೇ.

ಈ ಸಲ ಆಯಿ ಬಂದಾಗ ಲೆನ್ಸ್ ಕೈಗೆ ಕೊಟ್ಟು ಚಗಟೆಯ ಮೊನೆ ತೋರಿಸಿದೆ. ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. ಎಪ್ಪತ್ತು ಮಳೆಗಾಲ ಈ ಸೊಪ್ಪು ಸೋಸಿದವಳು, ಇದನ್ನು ಕಂಡೇ ಇರಲಿಲ್ಲ. "ಕೂಸೇ, ಇರುವೆ ಒಂದು ಬಂದು ಅದನ್ನ ನೆಕ್ತಾ ಇದ್ದು" ಅಂದಳು. ಹೌದು, ಅದರಲ್ಲಿ ಸಿಹಿ ರಸ ಒಸರುತ್ತದೆ. ಆಯಿ ಇರುವೆಯನ್ನು ಊದಿ ಹಾರಿಸಿ, ಎಲೆಯನ್ನು ಬುಟ್ಟಿಗೆ ಹಾಕಿದಳು.